ಹಾರ್ನೆಸ್ಸು, ಗೆಶಿರ್ ಮತ್ತು ನಮ್ಮ ತಾತನ ಜೊತ್ತಿಗೆ

ಕಳೆದ ತಿಂಗಳು ಅಕ್ಕನ ಮಗ ಗುಬ್ಬಿ ತಾಲ್ಲೂಕಿನ ನಮ್ಮೂರಿನಿಂದ ಫೋನ್ ಮಾಡಿ, "ಮಾವ, ಹಾರ್ನೆಸ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತ ಬರೀಲಿ?" ಎಂದು ಕೇಳಿದ. ಅವನು ತುಮಕೂರಿನ ಹೊರವಲಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಎತ್ತರದಲ್ಲಿ ಕೆಲಸ ಮಾಡುವವರು ಹೆಗಲು, ಸೊಂಟ, ತೊಡೆಗಳಿಗೆ ಬಿಗಿದುಕೊಳ್ಳುವ ಪಟ್ಟಿಗಳ ಕಟ್ಟಿಗೆ ಸೂಚನಾ ಫಲಕದಲ್ಲಿ 'ಸುರಕ್ಷತಾ ಸರಂಜಾಮು' ಎಂದು ಬರೆಸಿದ್ದನಂತೆ. ಅದನ್ನು ಓದಿದ ಇಬ್ಬರು ಹೆಲ್ಮೆಟ್ಟು, ಗ್ಲೌಸು, ಬೂಟುಗಳನ್ನೆಲ್ಲ ಹಾಕಿಕೊಂಡು, ಪಟ್ಟಿಯನ್ನು ಮಾತ್ರ ಗೂಟದಲ್ಲೇ ಬಿಟ್ಟು ಏಣಿ ಹತ್ತಿದ್ದರು. ಅದೃಷ್ಟವಶಾತ್ ಏನೂ ಆಗಲಿಲ್ಲ. ಓದಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಸರಂಜಾಮು ಎಂದರೆ ನಮ್ಮ ಜನರಿಗೆ ಒಂದು ಕೆಲಸಕ್ಕೆ ಬೇಕಾಗುವ ಸಕಲ ಸಾಮಾನು.

ಆ ಪದದ ಹುಟ್ಟೂ ಇದನ್ನೇ ಹೇಳುತ್ತದೆ. ಪಾರಸಿಯ 'ಸರ್ ಅಂಜಾಮ್' ಎಂದರೆ ಕೆಲಸ ಕೊನೆಮುಟ್ಟುವುದು, ಅದಕ್ಕೆ ಮಾಡುವ ಏರ್ಪಾಡು. ಮರಾಠರ ಆಡಳಿತದಲ್ಲಿ ಸೈನ್ಯವನ್ನು ಸಾಕುವುದಕ್ಕಾಗಿ ಸರದಾರರಿಗೆ ಬಿಟ್ಟುಕೊಡುತ್ತಿದ್ದ ಭೂಮಿಯ ಉತ್ಪನ್ನಕ್ಕೇ ಸರಂಜಾಮು ಎನ್ನುತ್ತಿದ್ದರು. ಇಂಗ್ಲಿಷಿನ ಹಾರ್ನೆಸ್ ಕೂಡ ದಂಡಿನ ಕಡೆಯಿಂದಲೇ ಬಂದದ್ದು. ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಯೋಧನ ಆಯುಧ, ಕವಚ ಮೊದಲಾದ ಸಜ್ಜೆಂಬ ಅರ್ಥವಿತ್ತು. ಅದಕ್ಕೂ ಹಿಂದೆ, ಉತ್ತರ ಯುರೋಪಿನ ಭಾಷೆಯಲ್ಲಿ 'ಸೈನ್ಯದ ಬುತ್ತಿ' ಎಂಬ ಅರ್ಥದ ಪದವೇ ಅದರ ಮೂಲವಾಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇಸ್ರೇಲಿನ ದೊರೆಗೆ ಬಾಣ ನಾಟುವುದು ಅವನ ಹಾರ್ನೆಸ್ಸಿನ ಸಂದಿನಲ್ಲಿ, ಅಂದರೆ ಕವಚದ ಸಂದಿನಲ್ಲಿ. ಕವಚಗಳ ಕಾಲ ಮುಗಿದ ಮೇಲೆ ಕುದುರೆಯ ಪಟ್ಟಿಗಳೆಂಬ ಅರ್ಥವೇ ಮುಂದಾಯಿತು. ಈಗ ಮಗುವನ್ನು ಕಾರಿನ ಸೀಟಿಗೆ ಕಟ್ಟುವ ಪಟ್ಟಿಯೂ, ವಾಹನದೊಳಗಿನ ತಂತಿಗಳ ಕಟ್ಟೂ ಅದೇ ಹೆಸರಿನಲ್ಲಿ ನಡೆಯುತ್ತಿವೆ.

ನಾನು 14 ವರ್ಷಗಳಿಂದ ಜರ್ಮನಿಯ ಶ್ಟುಟ್‌ಗಾರ್ಟ್ ನಗರದಲ್ಲಿ ವಾಹನದ ಬಿಡಿಭಾಗಗಳ ಕೆಲಸದಲ್ಲಿದ್ದೇನೆ. ಜರ್ಮನರು ಇಂಗ್ಲಿಷಿನ ಈ ಒಂದೇ ಪದದ ಜಾಗದಲ್ಲಿ ನಾಲ್ಕು ಪದಗಳನ್ನು ಇಟ್ಟುಕೊಂಡಿರುವುದು ನನಗೆ ಇಲ್ಲಿಗೆ ಬಂದ ಹೊಸತರಲ್ಲೇ ಹಿಡಿಸಿತು. 'ಹಾರ್ನಿಶ್' ಇಂದಿಗೂ ಕವಚವೇ. ಒಬ್ಬನಿಗೆ ಸಿಟ್ಟು ನೆತ್ತಿಗೇರಿದರೆ ಅವನು ಹಾರ್ನಿಶ್‌ಗೆ ಇಳಿದ ಎನ್ನುತ್ತಾರೆ. ಕುದುರೆಯ ಸಜ್ಜಿಗೆ 'ಗೆಶಿರ್', ಮತ್ತು ಅಡುಗೆಮನೆಯ ತಟ್ಟೆ ಬಟ್ಟಲುಗಳಿಗೂ ಅದೇ ಗೆಶಿರ್. ಮೊದಮೊದಲು ಇದು ವಿಚಿತ್ರವೆನಿಸಿದರೂ, ನಮ್ಮಮ್ಮ ಪಾತ್ರೆಗಳನ್ನೂ ಸಾಮಾನು ಎನ್ನುತ್ತಿದ್ದಳು, ಅಪ್ಪ ಗಾಡಿಯ ಬಿಡಿಭಾಗಗಳನ್ನೂ ಸಾಮಾನು ಎನ್ನುತ್ತಿದ್ದರು ಎಂಬುದು ನೆನಪಾದಾಗ ಸರಿಹೋಯಿತು. ತಂತಿಗಳ ಕಟ್ಟಿಗೆ 'ಕಾಬೆಲ್‌ಬೌಮ್' ಎನ್ನುತ್ತಾರೆ, ಅಂದರೆ ತಂತಿಮರ. ಒಂದು ಬೊಡ್ಡೆಯಿಂದ ಕೊಂಬೆ ಕೊಂಬೆಯಾಗಿ ಒಡೆದು ದೀಪಕ್ಕೊಂದು, ಹಾರನ್ನಿಗೊಂದು ಹೋಗುವ ಆ ಕಟ್ಟನ್ನು ಮೇಜಿನ ಮೇಲೆ ಹರಡಿ ನೋಡಿದವರಿಗೆ ಹೆಸರು ಎಷ್ಟು ಸಹಜವೆಂಬುದು ತಿಳಿಯುತ್ತದೆ. ಎತ್ತರದ ಕೆಲಸದವರು ತೊಡುವುದು 'ಔಫ್‌ಫಾಂಗ್‌ಗುರ್ಟ್', ಬೀಳುವವನನ್ನು ಹಿಡಿದುಕೊಳ್ಳುವ ಪಟ್ಟಿ. ಇದನ್ನು ಓದಿ ಯಾರೂ ಗ್ಲೌಸು ಹಾಕಿಕೊಂಡು ಏಣಿ ಹತ್ತುವುದಿಲ್ಲ.

ಕನ್ನಡದಲ್ಲಿ ಇಷ್ಟು ಪದಗಳಿಲ್ಲವೆಂದು ಕೊರಗುವವರನ್ನು ಕಂಡಾಗ ನನಗೆ ನಮ್ಮ ಹಳೆಯ ಕೊಟ್ಟಿಗೆ ಕಣ್ಣಮುಂದೆ ಬರುತ್ತದೆ. ತಾತ ಬೆಳಗಿನ ಜಾವ ಹಳ್ಳಿಕಾರ್ ಎತ್ತುಗಳನ್ನು ಹೊರಗೆ ತಂದು, ನೊಗವನ್ನು ಹಿಣಿಲಿನ, ಅಂದರೆ ಬೆನ್ನಿನ ಡುಬ್ಬದ, ಮುಂದೆ ಕೂರಿಸಿ, ಎಡದೆತ್ತಿನ ಕೊರಳ ಕೆಳಗಿನಿಂದ ಜೊತ್ತಿಗೆಯೆಂಬ ಕೊರಳಪಟ್ಟಿಯನ್ನು ಬಳಸಿ ತಂದು ನೊಗದ ತುದಿಗೆ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಎರಡು ಬೆರಳು ಒಳಗೆ ತೂರಿಸಿ, ಸಲೀಸಾಗಿ ಆಡುತ್ತವೆಯೇ ಎಂದು ನೋಡದೆ ಬಲದೆತ್ತಿನ ಕಡೆಗೆ ಹೋಗುತ್ತಿರಲಿಲ್ಲ. ನೊಗಕ್ಕೆ ನೇಗಿಲಿನ ಉದ್ದನೆಯ ಮರವಾದ ಈಚನ್ನು ಬಿಗಿಯುವ ಚರ್ಮದ ಹಗ್ಗ ಮಿಣಿ. ಮಳೆಯಲ್ಲಿ ನೆನೆದ ಮಿಣಿ ಸಡಿಲಗೊಂಡು ಒಣಗಿದಾಗ ಬಿಗಿಯುತ್ತದೆಂದು ಅದನ್ನು ಎರಡು ಸಲ ಕಟ್ಟುತ್ತಿದ್ದರು. ಕೊರಳಿಗೆ ಕಣ್ಣಿ, ಮೂಗಿಗೆ ಮೂಗುದಾರ. ಪಟ್ಟಿಗೊಂದು ಹೆಸರು, ಹೆಸರಿಗೊಂದು ಕೆಲಸ.

ಇಲ್ಲಿ ಜರ್ಮನಿಯವರ ಕುದುರೆಗೆ ಹಿಣಿಲಿಲ್ಲ. ಆದ್ದರಿಂದ ಭಾರ ಎಳೆಸಲು ಅದರ ಹೆಗಲಿಗೆ ಒತ್ತುವ ಮೆತ್ತೆಯ ಕೊರಳಪಟ್ಟಿ ಬೇಕಾಯಿತು. 'ಕುಮ್ಮೆಟ್' ಎಂಬ ಅದರ ಹೆಸರನ್ನು ಜರ್ಮನರು ತಮ್ಮ ಪೂರ್ವದ ಸ್ಲಾವ್ ಜನರಿಂದ ಪಡೆದರು. ನಾವೂ ಹಾಗೆಯೇ, ಕುದುರೆಯ ವಿಷಯ ಬಂದಾಗ ಲಗಾಮು, ಜೀನುಗಳನ್ನು ಪಾರಸಿಯಿಂದ ತಂದುಕೊಂಡೆವು. ಎತ್ತಿನ ಸಜ್ಜಿನಲ್ಲೂ ಎರವಲು ಇಲ್ಲದಿಲ್ಲ. ಜೊತ್ತಿಗೆಯ ಹಿಂದೆ ಸಂಸ್ಕೃತದ ಯೋಕ್ತ್ರವಿದೆ, ಅದು ಯೋಗ ಎಂಬ ಪದದ ಒಡಹುಟ್ಟು. ಚರ್ಮದ ಪಟ್ಟಿ ಎಂಬ ಅರ್ಥದ ಬಾರು ಮಾತ್ರ ಅಪ್ಪಟ ದ್ರಾವಿಡ. ತಮಿಳಿನಲ್ಲಿ ಅದು ವಾರ್. ಅಲ್ಲಿನ ವಾ ನಮ್ಮಲ್ಲಿ ಬಾ ಆದಂತೆ ಇದೂ ಬಾರಾಯಿತು. ಕೆರದ ಬಾರು, ಬಾರುಕೋಲು ಎಂದರೆ ಇಂದಿಗೂ ನಮ್ಮ ಕಡೆ ಯಾರೂ ಅರ್ಥ ಕೇಳುವುದಿಲ್ಲ.

ಅದಕ್ಕಾಗಿ ಹುಡುಗನಿಗೆ ನಾನು ಮೈಬಾರು ಎಂದು ಬರೆಯಲು ಹೇಳಿದೆ. ಒಳಗಿನ ಒಂದೊಂದು ಪಟ್ಟಿಯನ್ನೂ ಹೆಗಲುಬಾರು, ಸೊಂಟಬಾರು, ತೊಡೆಬಾರು ಎಂದು ಹೆಸರಿಸಿದರೆ, ಯಾವುದು ಸಡಿಲವಾಗಿದೆಯೆಂದು ಕೆಳಗೆ ನಿಂತವನು ಕೂಗಿ ಹೇಳಬಹುದು. ತಂತಿಗಳ ಕಟ್ಟಿಗೆ ತಂತಿಜಡೆ ಎನ್ನಬಹುದು. 2023ರಲ್ಲಿ ಆರಂಭವಾದ ಹೆಲಿಕಾಪ್ಟರ್ ಕಾರ್ಖಾನೆ ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ ಇರುವಾಗ ಇಂಥ ಪದದ ಅಗತ್ಯ ದೂರದ್ದೇನಲ್ಲ. ಹಾರ್ನೆಸ್ ಎಂದೇ ಆಡುವವರು ಆಡಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪ್ರಾಣದ ಪ್ರಶ್ನೆಯಿರುವ ಫಲಕದ ಮೇಲೆ ಸರಂಜಾಮಿನಂಥ ಅಸ್ಪಷ್ಟವಾದ ಮಾತು ಇರಬಾರದೆಂದು ಒತ್ತಿ ಹೇಳುತ್ತೇನೆ.

ಮೈಬಾರಿನ ಬೆನ್ನಿನ ಕೊಂಡಿಯಿಂದ ಮೇಲಿನ ಕಂಬಿಗೆ ಸಿಕ್ಕಿಸುವ ಗಿಡ್ಡ ಹಗ್ಗಕ್ಕೆ ಏನೆನ್ನಬೇಕೆಂದು ಹುಡುಗ ಮರುದಿನ ಮತ್ತೆ ಕೇಳಿದ. ಗೂಟಕ್ಕೆ ಕರುವನ್ನು ಕಟ್ಟುವ ಹಗ್ಗಕ್ಕೆ ನಿಮ್ಮಜ್ಜಿ ಏನೆನ್ನುತ್ತಾರೋ ಅದನ್ನೇ ಬರೆ ಎಂದೆ. ಅಲ್ಲೇ ಇದ್ದ ಅಮ್ಮ ಫೋನಿನ ಹಿಂದಿನಿಂದಲೇ "ಕಣ್ಣಿ" ಎಂದಳು.