‘ವಿಂಡ್’ ಕಂಡಲ್ಲೆಲ್ಲ ‘ಗಾಳಿ’ ಬರೆಯಬೇಡಿ

ಇಂಗ್ಲಿಷಿನ ‘ವಿಂಡ್’ ಪದಕ್ಕೆ ನಮ್ಮ ಗೈಡುಗಳು ‘ಗಾಳಿ’ ಎಂದು ಒಂದೇ ಅರ್ಥ ಕೊಟ್ಟು, ಕೆಳಗೆ ಹತ್ತು-ಹದಿನೈದು ನುಡಿಗಟ್ಟುಗಳ ಪಟ್ಟಿ ಹಾಕಿ ಕೈತೊಳೆದುಕೊಳ್ಳುತ್ತವೆ. ಪರೀಕ್ಷೆಗೆ ಓದುವ ಮಕ್ಕಳು ಅದನ್ನು ಉರು ಹೊಡೆದು ವಾರದಲ್ಲಿ ಮರೆಯುತ್ತಾರೆ. ತಪ್ಪು ಮಕ್ಕಳದ್ದಲ್ಲ, ಕಲಿಸುವ ರೀತಿಯದ್ದು. ಒಂದು ನುಡಿಗಟ್ಟಿನ ವಿಂಡ್ ಹಾಯಿ ತುಂಬುವ ಗಾಳಿ, ಇನ್ನೊಂದರದ್ದು ಓಟಗಾರನ ಉಸಿರು, ಮತ್ತೊಂದರದ್ದು ಜಿಂಕೆಯ ಮೂಗಿಗೆ ಬಡಿಯುವ ವಾಸನೆ. ಯಾವುದೆಂದು ತಿಳಿದರೆ ಅರ್ಥವನ್ನು ಉರು ಹೊಡೆಯಬೇಕಾಗಿಯೇ ಇಲ್ಲ.

ಮೊದಲು ಉಚ್ಚಾರ. ಅವೇ ನಾಲ್ಕು ಅಕ್ಷರಗಳಲ್ಲಿ ಎರಡು ಬೇರೆ ಬೇರೆ ಪದಗಳಿವೆ. ಗಾಳಿಯದು ‘ವಿಂಡ್’, ಸುತ್ತುವುದು ‘ವೈಂಡ್’. ಮೋಟಾರಿಗೆ ತಾಮ್ರದ ತಂತಿ ಸುತ್ತುವ ಅಂಗಡಿಯ ಬೋರ್ಡಿನಲ್ಲಿ ‘ವೈಂಡಿಂಗ್’ ಎಂದು ಸರಿಯಾಗಿಯೇ ಬರೆದಿರುತ್ತಾರೆ. ಕಂಪನಿ ಮುಚ್ಚುವುದೂ, ಸಭೆ ಮುಗಿಸುವುದೂ ‘ವೈಂಡ್ ಅಪ್’, ‘ವಿಂಡಪ್’ ಅಲ್ಲ. ಬ್ರಿಟಿಷ್ ಇಂಗ್ಲಿಷಿನಲ್ಲಿ ಇನ್ನೊಂದು ಗುಂಡಿ ಇದೆ: ಯಾರನ್ನಾದರೂ ‘ವೈಂಡ್ ಅಪ್’ ಮಾಡಿದರೆ ಕೀಟಲೆ ಮಾಡಿ ಕೆಣಕಿದಂತೆ; ‘ಪುಟ್ ದ ವಿಂಡ್ ಅಪ್’ ಮಾಡಿದರೆ ಹೆದರಿಸಿದಂತೆ. ಅಕ್ಷರ ನೋಡಿ ಓದಿದರೆ ಎರಡೂ ಒಂದೇ ಅನ್ನಿಸುತ್ತದೆ. ಹಳೆಯ ಕವಿತೆಗಳಲ್ಲಿ ಮಾತ್ರ ಗಾಳಿಯನ್ನೂ ‘ವೈಂಡ್’ ಎಂದು ಓದಬೇಕಾಗಿ ಬರುತ್ತದೆ. 1820ರಲ್ಲಿ ಪ್ರಕಟವಾದ, ಪಶ್ಚಿಮದ ಗಾಳಿಯನ್ನು ಕುರಿತ ಶೆಲ್ಲಿಯ ಕವಿತೆಯ ಕೊನೆಯಲ್ಲಿ ಅದು ‘ಬಿಹೈಂಡ್’ ಜೊತೆ ಪ್ರಾಸವಾಗಿ ನಿಂತಿದೆ.

ಅತಿ ಹೆಚ್ಚು ಎಡವುವುದು ಹಡಗಿನಿಂದ ಬಂದ ಮಾತುಗಳಲ್ಲಿ. ಕುಡಿದು ತೂರಾಡುವವನನ್ನು ‘ಥ್ರೀ ಶೀಟ್ಸ್ ಟು ದ ವಿಂಡ್’ ಎನ್ನುತ್ತಾರೆ. ಇಲ್ಲಿ ಶೀಟ್ ಎಂದರೆ ಬಟ್ಟೆಯಲ್ಲ, ಹಾಯಿಯೂ ಅಲ್ಲ. ಹಾಯಿಯ ಕೆಳಮೂಲೆಗೆ ಕಟ್ಟಿ ಅದನ್ನು ಬಿಗಿ-ಸಡಿಲ ಮಾಡುವ ಹಗ್ಗ. ಆ ಹಗ್ಗ ಕೈತಪ್ಪಿದರೆ ಹಾಯಿ ಪಟಪಟನೆ ಬಡಿದುಕೊಳ್ಳುತ್ತದೆ, ದೋಣಿ ಹಿಡಿತಕ್ಕೆ ಸಿಗದೆ ಓಲಾಡುತ್ತದೆ. ಮೂರು ಹಗ್ಗ ಬಿಟ್ಟುಹೋದರೆ ಕೇಳಬೇಕೆ!

‘ಸೇಲ್ ಕ್ಲೋಸ್ ಟು ದ ವಿಂಡ್’ ಎಂಬುದನ್ನು ‘ಗಾಳಿಗೆ ಹತ್ತಿರ ಸಾಗು’ ಎಂದು ಅನುವಾದಿಸಿದರೆ ಓದುಗನಿಗೆ ಏನೂ ಸಿಗುವುದಿಲ್ಲ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತ ಅಂಕುಡೊಂಕಾಗಿಯೇ ಮುಂದೆ ಹೋಗಬೇಕು. ದಾರಿ ಉಳಿಸುವ ಆಸೆಗೆ ಮೂತಿಯನ್ನು ಗಾಳಿಯತ್ತ ತುಸು ಹೆಚ್ಚು ತಿರುಗಿಸಿದರೂ ಹಾಯಿ ಸೊರಗಿ ದೋಣಿ ನಿಂತುಬಿಡುತ್ತದೆ. ಹಾಗಾಗಿ ಕಾನೂನು ಮುರಿಯದೆ, ಮುರಿಯುವ ಅಂಚಿನವರೆಗೂ ಹೋಗುವವರ ಬಗ್ಗೆ ಈ ಮಾತು. ‘ಟೇಕ್ ದ ವಿಂಡ್ ಔಟ್ ಆಫ್ ಸಮ್‌ಒನ್ಸ್ ಸೇಲ್ಸ್’ ಕೂಡ ಇಲ್ಲಿಯದೇ. ಗಾಳಿ ಬರುವ ಕಡೆ ಒಂದು ಹಡಗು ಅಡ್ಡ ನಿಂತರೆ ಆಚೆಯ ಹಡಗಿನ ಹಾಯಿ ಬರಿದಾಗುತ್ತದೆ. ಎದುರಾಳಿ ಎತ್ತಬೇಕೆಂದಿದ್ದ ಪ್ರಶ್ನೆಯನ್ನು ನಾವೇ ಮೊದಲು ಎತ್ತಿ ಅವನ ಜೋರು ಇಳಿಸುವುದು ಇದೇ ಅಲ್ಲವೇ?

ವಾಣಿಜ್ಯ ಪುಟಗಳಲ್ಲಿ ‘ಹೆಡ್‌ವಿಂಡ್’ ಅಡ್ಡಿ, ‘ಟೇಲ್‌ವಿಂಡ್’ ಅನುಕೂಲ. ಆದರೆ ವಿಮಾನ ಏರಲು, ಇಳಿಯಲು ಎದುರುಗಾಳಿಯೇ ಒಳ್ಳೆಯದು, ರನ್‌ವೇ ಕಡಿಮೆ ಸಾಕಾಗುತ್ತದೆ. ನುಡಿಗಟ್ಟು ಹಿಡಿದಿರುವುದು ನಡುದಾರಿಯ ಪ್ರಯಾಣವನ್ನಷ್ಟೆ.

ದಿಕ್ಕಿನ ವಿಷಯ ಬೇಗ ಹೇಳಿಬಿಡಬಹುದು. ‘ವೆಸ್ಟ್ ವಿಂಡ್’ ಪಶ್ಚಿಮದಿಂದ ಬರುವುದು, ‘ವೆಸ್ಟ್‌ವರ್ಡ್’ ಪಶ್ಚಿಮಕ್ಕೆ ಹೋಗುವುದು. ಮುಂಗಾರಿನ ಗಾಳಿಗೆ ಎದೆಯೊಡ್ಡಿದ ಆಗುಂಬೆ ‘ವಿಂಡ್‌ವರ್ಡ್’ ಬದಿ. ಘಟ್ಟದ ಮರೆಯ ಚಿತ್ರದುರ್ಗ ‘ಲೀವರ್ಡ್’ ಬದಿ.

ಉಸಿರಿನ ವಿಂಡ್‌ಗಳನ್ನು ಉಸಿರೆಂದೇ ಬರೆಯಿರಿ. ‘ಸೆಕೆಂಡ್ ವಿಂಡ್’ ಎಂದರೆ ದಣಿದ ಮೇಲೆ ಮರಳಿ ಬರುವ ಕಸುವು. ಹೊಟ್ಟೆಗೆ ಏಟು ಬಿದ್ದು ‘ವಿಂಡೆಡ್’ ಆದವನಿಗೆ ಉಸಿರು ಕಟ್ಟಿದೆ. ‘ವಿಂಡ್ ಇನ್‌ಸ್ಟ್ರುಮೆಂಟ್’ಗೆ ‘ಗಾಳಿವಾದ್ಯ’ ಎಂದು ಹೊಸದಾಗಿ ಕಟ್ಟುವುದು ಬೇಡ, ನಮ್ಮಲ್ಲಿ ‘ಸುಷಿರವಾದ್ಯ’ ಇದೆ. ಹೊಟ್ಟೆಯ ವಾಯುವಿಗೂ ಇಂಗ್ಲಿಷಿನಲ್ಲಿ ವಿಂಡ್ ಎಂದೇ ಹೆಸರು. ನಮ್ಮ ‘ವಾತ’, ‘ವಾಯು’ ಸಂಸ್ಕೃತದಿಂದ ಬಂದವು. ಅವಕ್ಕೂ ವಿಂಡ್‌ಗೂ ‘ಬೀಸು’ ಎಂಬರ್ಥದ ಒಂದೇ ಪ್ರಾಚೀನ ಧಾತು ಮೂಲ.

‘ಗೆಟ್ ವಿಂಡ್ ಆಫ್’ ಬೇಟೆಯ ಮಾತು. ಬೇಟೆಗಾರನ ಮೈವಾಸನೆಯನ್ನು ಗಾಳಿ ಮೃಗದ ಮೂಗಿಗೆ ಮುಟ್ಟಿಸಿದರೆ ಅದು ಓಡಿಹೋಗುತ್ತದೆ. ಕನ್ನಡದ ‘ವಾಸನೆ ಹತ್ತಿತು’ ಇದಕ್ಕೆ ಸರಿಸಮ. ‘ವಿಂಡ್‌ಫಾಲ್’ ಎಂದರೆ ಗಾಳಿಗೆ ಉದುರಿದ ಹಣ್ಣು, ಮರ ಹತ್ತದೆ ಸಿಕ್ಕಿದ್ದು. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕಚ್ಚಾತೈಲದ ಮೇಲೆ ಹಾಕಿ, 2024ರ ಡಿಸೆಂಬರ್‌ನಲ್ಲಿ ತೆಗೆದ ‘ವಿಂಡ್‌ಫಾಲ್ ಟ್ಯಾಕ್ಸ್’ ಇದೇ ತರ್ಕದ್ದು: ಬೆಲೆ ತಾನಾಗಿ ಏರಿದ್ದರಿಂದ ಬಂದ ಲಾಭದ ಮೇಲಿನ ತೆರಿಗೆ.

ಮೇಷ್ಟ್ರುಗಳೂ ತಪ್ಪಾಗಿ ಹೇಳಿಕೊಡುವ ಗಾದೆಯೊಂದಿದೆ: ‘ಇಟ್ಸ್ ಆನ್ ಇಲ್ ವಿಂಡ್ ದಟ್ ಬ್ಲೋಸ್ ನೋಬಡಿ ಎನಿ ಗುಡ್.’ ಜಾನ್ ಹೇವುಡ್‌ನ 1546ರ ಗಾದೆ ಸಂಗ್ರಹದಲ್ಲೇ ಇದರ ಹಳೆಯ ರೂಪವಿದೆ. ‘ಕೆಟ್ಟ ಗಾಳಿಯಿಂದ ಯಾರಿಗೂ ಒಳಿತಿಲ್ಲ’ ಎಂಬುದು ಇದರ ಅರ್ಥವಲ್ಲ. ಒಬ್ಬರಿಗೂ ಒಳಿತಾಗದ ಗಾಳಿಯಿದ್ದರೆ ಅದೊಂದೇ ನಿಜಕ್ಕೂ ಕೆಟ್ಟದ್ದು, ಅಂದರೆ ಎಂಥ ಕೇಡಿನಲ್ಲೂ ಯಾರಿಗೋ ಲಾಭ ಇದ್ದೇ ಇರುತ್ತದೆ ಎಂದು ಅದರ ಮಾತು.

ಕನ್ನಡದಿಂದ ಆಚೆಗೆ ಹೋಗುವಾಗಲೂ ಎಚ್ಚರ ಬೇಕು. ನಮ್ಮ ‘ಗಾಳಿ’ಯಲ್ಲಿ ಅವರ ‘ಏರ್’, ‘ವಿಂಡ್’ ಎರಡೂ ಸೇರಿವೆ. ಟೈರಿನದು ಏರ್, ಗಾಳಿಗೋಪುರವೂ ಅವರಿಗೆ ‘ಇನ್ ದಿ ಏರ್’. ‘ಗಾಳಿ ಬಂದಾಗ ತೂರಿಕೋ’ ಎಂಬುದರ ಸರಿಯಾದ ಜೋಡಿಯಲ್ಲಂತೂ ವಿಂಡ್ ಇಲ್ಲವೇ ಇಲ್ಲ, ಸೂರ್ಯನಿದ್ದಾನೆ: ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’. ನಮ್ಮ ರೈತನಿಗೆ ಕಣದಲ್ಲಿ ಕಾಳು-ಹೊಟ್ಟು ಬೇರೆಯಾಗಲು ಗಾಳಿ ಬೇಕು, ಮಳೆ ಪದೇ ಪದೇ ಹನಿಯುವ ಆ ನಾಡಿನ ರೈತನಿಗೆ ಕೊಯ್ದ ಹುಲ್ಲು ಒಣಗಲು ಬಿಸಿಲು ಬೇಕು.