ರವಿಕೆಗೊಂದು ನ್ಯಾಯ, ಅದರ ಒಳಗಿನದಕ್ಕೊಂದು ನ್ಯಾಯ

ರವಿಕೆ ಹೊಲಿಸುವ ವಿಷಯದಲ್ಲಿ ನಮ್ಮ ಹೆಂಗಸರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ಟೈಲರ್ ಕೈಗೆ ಬಟ್ಟೆ ಕೊಡುವಾಗ ಜೊತೆಗೆ ಅಳತೆ ರವಿಕೆ ಇರಲೇಬೇಕು. ಅದೂ ಸಾಲದು ಅಂತ ಬಾಯಲ್ಲೂ ಹೇಳಬೇಕು. ತೋಳು ಕಾಲಿಂಚು ಬಿಗಿ ಮಾಡಿ, ಬೆನ್ನು ಅರ್ಧ ಇಂಚು ಇಳಿಸಿ, ಒಳಗೆ ಸ್ವಲ್ಪ ಜಾಸ್ತಿ ಬಟ್ಟೆ ಬಿಡಿ, ನಾಳೆ ದಪ್ಪ ಆದರೆ ಬಿಚ್ಚಿಕೊಳ್ಳಬಹುದು. ಹೊಲಿದು ಬಂದ ಮೇಲೆ ಕಂಕುಳ ಹತ್ತಿರ ಒಂದು ಸುಕ್ಕು ಕಂಡರೂ ವಾಪಸ್ಸು. ಕಟೋರಿ ಬೇಕಾ, ಪ್ರಿನ್ಸಸ್ ಕಟ್ ಬೇಕಾ, ಸಾದಾ ಟಕ್ಸ್ ಸಾಕಾ ಅಂತ ಮದುವೆ ಮನೆಯಲ್ಲಿ ಇಡೀ ಮಧ್ಯಾಹ್ನ ಚರ್ಚೆ ನಡೆಯುತ್ತದೆ.

ಅದೇ ಹೆಂಗಸು ಬ್ರಾ ಕೊಳ್ಳಲು ಹೋದಾಗ ನೋಡಬೇಕು. ಐದು ನಿಮಿಷದಲ್ಲಿ ವ್ಯವಹಾರ ಮುಗಿಯುತ್ತದೆ. ಅಂಗಡಿಯ ಒಂದು ಮೂಲೆಯಲ್ಲಿ ನಿಂತು, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳುತ್ತಾಳೆ. “ಎಷ್ಟು ನಂಬರ್ ಮೇಡಂ?” ಅಂತಾನೆ ಹುಡುಗ. “ಮೂವತ್ನಾಲ್ಕು” ಎಂದು ಇವಳು ಪಿಸುಗುಟ್ಟಿದರೆ, ಅವನು ಅಟ್ಟದ ಮೇಲಿರುವವನಿಗೆ ಕೇಳುವ ಹಾಗೆ “ಮೂವತ್ನಾಲ್ಕು ಕಾಟನ್ ಕೆಳಗೆ ಹಾಕೋ” ಎಂದು ಕೂಗುತ್ತಾನೆ. ಡಬ್ಬ ಬರುತ್ತದೆ. ಹಾಕಿ ನೋಡಲು ಜಾಗವಿಲ್ಲ. ಬಿಲ್ಲಿನ ಕೆಳಗೆ ‘ಒಳಉಡುಪು ವಾಪಸ್ ಇಲ್ಲ’ ಎಂದು ಅಚ್ಚಾಗಿದೆ. ಕಪ್ಪು ಕವರಿನಲ್ಲಿ ಸುತ್ತಿಸಿಕೊಂಡು ಹೊರಗೆ ಬಂದರೆ ಸಾಕು ಅನ್ನಿಸಿರುತ್ತದೆ.

ಆ ಮೂವತ್ನಾಲ್ಕು ಎಲ್ಲಿಂದ ಬಂತು ಅಂತ ಕೇಳಿ. ಮದುವೆಯ ಬಟ್ಟೆ ತೆಗೆಯುವಾಗ ಅಕ್ಕನೋ ಅತ್ತಿಗೆಯೋ ಕಣ್ಣಳತೆಯಲ್ಲಿ ಹೇಳಿದ್ದು. ಆಮೇಲೆ ಎರಡು ಹೆರಿಗೆ ಆಯಿತು, ಥೈರಾಯ್ಡ್ ಬಂತು, ತೂಕ ಏರಿತು, ಇಳಿಯಿತು. ಅಳತೆ ರವಿಕೆ ಎಷ್ಟೋ ಸಲ ಬದಲಾಯಿತು. ನಂಬರ್ ಮಾತ್ರ ಹಾಗೇ ಇದೆ.

ಇನ್ನು ಆ ಅಂಕಿಯ ಪಕ್ಕದಲ್ಲಿ ಒಂದು ಅಕ್ಷರವಿರುತ್ತದಲ್ಲ, ಅದರ ಗೋಜಿಗೆ ನಮ್ಮಲ್ಲಿ ಬಹಳ ಜನ ಹೋಗುವುದೇ ಇಲ್ಲ. ಹೋಗಲು ದಾರಿಯೂ ಕಡಿಮೆ. ಮಾಮೂಲಿ ಹತ್ತಿ ಬ್ರಾಗಳ ಎಷ್ಟೋ ಡಬ್ಬಗಳ ಮೇಲೆ ಅಂಕಿ ಮಾತ್ರ ಇರುತ್ತದೆ. ಅಕ್ಷರ ಗೊತ್ತಿದ್ದವರೂ ಅದನ್ನು ಒಂದು ಗಾತ್ರ ಅಂದುಕೊಂಡಿರುತ್ತಾರೆ. ಎ ಅಂದರೆ ಚಿಕ್ಕದು, ಡಿ ಅಂದರೆ ಭಾರೀ ದೊಡ್ಡದು ಅಂತ. ಹಾಸ್ಟೆಲಿನ ಹುಡುಗಿಯರ ಅರ್ಧ ಚಿಂತೆ ಇದರ ಮೇಲೆಯೇ ನಿಂತಿದೆ. ಆದರೆ ಅಕ್ಷರ ಗಾತ್ರವಲ್ಲ, ವ್ಯತ್ಯಾಸ. ಎದೆಯ ಕೆಳಗೆ ಟೇಪು ಸುತ್ತಿದರೆ ಒಂದು ಅಳತೆ. ಎದೆಯ ತುಂಬು ಭಾಗದಲ್ಲಿ ಸುತ್ತಿದರೆ ಇನ್ನೊಂದು. ಎರಡಕ್ಕೂ ಒಂದಿಂಚು ವ್ಯತ್ಯಾಸ ಇದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ, ನಾಲ್ಕಿದ್ದರೆ ಡಿ. ಹಾಗಾಗಿ ಅಂಕಿ ಬಿಟ್ಟು ಬರೀ ‘ನಾನು ಸಿ’ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ. 32ಡಿ ಹಾಕುವ ಸಣಕಲು ಹುಡುಗಿ ನಮ್ಮ ಕಣ್ಣಿಗೆ ಡಿ ಅನ್ನಿಸುವುದೇ ಇಲ್ಲ. 38ಡಿಯ ಕಪ್ಪು, ಅಂದರೆ ಎದೆ ಕೂರುವ ಬಟ್ಟಲು, ಅದಕ್ಕಿಂತ ಎಷ್ಟೋ ದೊಡ್ಡದು. ಅಕ್ಷರ ಮಾತ್ರ ಒಂದೇ.

ಇದರಲ್ಲೇ ಇನ್ನೊಂದು ಗಮ್ಮತ್ತಿದೆ. 34ಬಿ, 32ಸಿ, 36ಎ, ಈ ಮೂರರ ಕಪ್ಪು ಹೆಚ್ಚುಕಮ್ಮಿ ಒಂದೇ ಗಾತ್ರ. ಅಂಕಿ ಹೇಳುವುದು ಎದೆಯ ಕೆಳಗೆ ಸುತ್ತುವ ಪಟ್ಟಿಯನ್ನು. ಆ ಪಟ್ಟಿ ಒಂದು ನಂಬರ್ ಹಿಗ್ಗಿದರೆ ಅಕ್ಷರ ಒಂದು ಹಿಂದೆ ಹೋಗಬೇಕು. ಅಂಗಡಿಯಲ್ಲಿ 34ಬಿ ಖಾಲಿಯಾಗಿದ್ದರೆ ಏನು ಕೊಡುತ್ತಾರೆ ಹೇಳಿ? “36ಬಿ ತಗೊಳ್ಳಿ ಮೇಡಂ, ಸ್ವಲ್ಪ ಲೂಸು ಇರತ್ತೆ ಅಷ್ಟೇ” ಅಂತಾರೆ. ಪಟ್ಟಿಯೂ ದೊಡ್ಡದು, ಕಪ್ಪೂ ದೊಡ್ಡದು. ಕೊಡುವುದಾದರೆ 36ಎ ಕೊಡಬೇಕಿತ್ತು. ಅದು ಅವರ ಬೀರುವಿನಲ್ಲಿ ಇರುವುದಿಲ್ಲ.

ಈ ಅಕ್ಷರಗಳು ಬಹಳ ಹಳೆಯವೇನಲ್ಲ. 1914ರಲ್ಲಿ ಅಮೆರಿಕದಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ ಸೇರಿಸಿ ಮಾಡಿದ ಬ್ರಾಗೆ ಪೇಟೆಂಟ್ ಪಡೆದರು. ಆಮೇಲೆ ಅದನ್ನು ವಾರ್ನರ್ ಕಂಪನಿಗೆ 1,500 ಡಾಲರಿಗೆ ಮಾರಿಬಿಟ್ಟರು. ಅದರಲ್ಲಿ ಕಪ್ಪೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. 1932ರಲ್ಲಿ ಅಲ್ಲಿಯದೇ ಎಸ್.ಎಚ್. ಕ್ಯಾಂಪ್ ಎಂಬ ಕಂಪನಿ ಎ, ಬಿ, ಸಿ, ಡಿ ಎಂಬ ಅಕ್ಷರ ಹಚ್ಚಿತು. ವಾರ್ನರ್‌ನವರು 1937ರಲ್ಲಿ ಅದನ್ನೇ ಹಿಡಿದರು. ಕರವಸ್ತ್ರ ಹೊಲಿದ ಪುಣ್ಯಾತ್ಗಿತ್ತಿ 1,500ಕ್ಕೆ ತೃಪ್ತಿಪಟ್ಟದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರಿ, ಟೇಪು ತಂದು ಮನೆಯಲ್ಲೇ ಅಳೆದುಕೊಳ್ಳೋಣ ಅಂದರೆ ಅಲ್ಲೂ ಜಗಳ ಇದೆ. ಎದೆ ಕೆಳಗಿನ ಅಳತೆಗೆ ನಾಲ್ಕೋ ಐದೋ ಇಂಚು ಸೇರಿಸಿ ಪಟ್ಟಿಯ ನಂಬರ್ ಹಿಡಿಯಬೇಕು ಅನ್ನುವುದು ಹಳೆಯ ಲೆಕ್ಕ. ಏನೂ ಸೇರಿಸಬೇಡಿ, ಇದ್ದದ್ದೇ ನಂಬರ್ ಅನ್ನುವುದು ಇನ್ನೊಂದು ಲೆಕ್ಕ. ಕೆಳಗೆ 30, ಮೇಲೆ 35 ಇಂಚು ಇರುವ ಹೆಂಗಸನ್ನು ತೆಗೆದುಕೊಳ್ಳಿ. ನಾಲ್ಕು ಸೇರಿಸುವವರ ಪ್ರಕಾರ ಪಟ್ಟಿ 34, ಅದಕ್ಕೂ 35ಕ್ಕೂ ಒಂದೇ ಇಂಚು ವ್ಯತ್ಯಾಸ, ಹಾಗಾಗಿ ಅವಳದ್ದು 34ಎ. ಸೇರಿಸದವರ ಪ್ರಕಾರ ವ್ಯತ್ಯಾಸ ಐದಿಂಚು, ಡಿಗಿಂತ ಒಂದು ಮೆಟ್ಟಿಲು ಮೇಲೆ, ಅಂದರೆ 30ಡಿಡಿ. ಅದೇ ಟೇಪು, ಅದೇ ಹೆಂಗಸು! ನನ್ನ ಮಟ್ಟಿಗೆ ಸೇರಿಸದ ಲೆಕ್ಕವೇ ನಿಜಕ್ಕೆ ಹತ್ತಿರ. ಸ್ಪಾಂಡೆಕ್ಸ್ ಎಂಬ ಹಿಗ್ಗುವ ನೂಲು 1958ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ಹುಟ್ಟಿತು. ಅದು ಬಂದ ಮೇಲೆ ಪಟ್ಟಿ ತಾನಾಗಿಯೇ ಹಿಗ್ಗುತ್ತದೆ. ಅದರ ಮೇಲೆ ನಾವೂ ನಾಲ್ಕಿಂಚು ಸೇರಿಸಿದರೆ ಬ್ರಾ ಸುಮ್ನೆ ಮೈಮೇಲೆ ತೂಗಾಡುತ್ತದೆ. ಆದರೂ ಟೇಪು ಹೇಳಿದ್ದೇ ಕೊನೆಯ ಮಾತಲ್ಲ. ಅಲ್ಲಿಂದ ಹುಡುಕಲು ಶುರು ಮಾಡಬೇಕು ಅಷ್ಟೇ.

ಜರ್ಮನಿಯಲ್ಲಿರುವ ಮಗಳು ಅಮ್ಮನಿಗೆ ಅಂತ ತರುವ ಬ್ರಾ ಮೇಲೆ 75ಬಿ ಅಂತಿದ್ದರೆ ಗಾಬರಿಯಾಗಬೇಡಿ. ಅವರದ್ದು ಸೆಂಟಿಮೀಟರ್ ಲೆಕ್ಕ. ಅದು ನಮ್ಮ 34ಬಿ. ಫ್ರಾನ್ಸಿನಲ್ಲಿ ಅದಕ್ಕೆ 90ಬಿ ಅಂತಾರೆ, ಆಸ್ಟ್ರೇಲಿಯಾದಲ್ಲಿ 12ಬಿ.

ಈಗ ಹಾಕಿಕೊಳ್ಳುವ ಮಾತು. ನಮ್ಮ ಮನೆಯ ಹಿರಿಯ ಹೆಂಗಸರ ಭುಜ ನೋಡಿದ್ದೀರಾ? ಎರಡೂ ಕಡೆ ಗೆರೆ ಬಿದ್ದು ಗುಳಿಯಾಗಿರುತ್ತದೆ. ಸಂಜೆ ಹೊತ್ತಿಗೆ ಕತ್ತು ನೋವು. ಅದಕ್ಕೆ ಅವರು ಮಾಡುವ ಉಪಾಯ ಸ್ಟ್ರಾಪನ್ನು ಇನ್ನಷ್ಟು ಮೇಲಕ್ಕೆ ಎಳೆಯುವುದು. ಎಳೆದಷ್ಟೂ ಹಿಂದಿನ ಪಟ್ಟಿ ಬೆನ್ನ ಮೇಲೆ ಹತ್ತುತ್ತದೆ. ಮುಂದಿನದು ಇಳಿಯುತ್ತದೆ. ಭಾರ ಹೊರಬೇಕಾದದ್ದು ಸ್ಟ್ರಾಪ್ ಅಲ್ಲ, ಕೆಳಗಿನ ಪಟ್ಟಿ. ಚಪ್ಪರದ ಭಾರ ಕಂಬ ಹೊರಬೇಕೇ ಹೊರತು ತೋರಣದ ದಾರವಲ್ಲ. ಭುಜ ನೋಯುತ್ತಿದೆ ಅಂದರೆ ಬಹಳ ಸಲ ಪಟ್ಟಿ ಸಡಿಲವಾಗಿದೆ ಎಂದರ್ಥ. ಅಂಥವರಿಗೆ “ನಿಮಗೆ ಚಿಕ್ಕ ನಂಬರ್ ಬೇಕು, ಆದರೆ ದೊಡ್ಡ ಕಪ್ಪು ಬೇಕು” ಎಂದು ಹೇಳಿ ನೋಡಿ. ಹುಚ್ಚು ಹಿಡಿಯಿತಾ ಅನ್ನುವ ಹಾಗೆ ನೋಡುತ್ತಾರೆ.

ಹೊಸ ಬ್ರಾ ಹಾಕುವಾಗ ಹೊರಗಿನ, ಅಂದರೆ ಎಲ್ಲಕ್ಕಿಂತ ಸಡಿಲವಾದ ಹುಕ್ಕಿಗೇ ಸರಿಯಾಗಿ ಕೂತಿರಬೇಕು. ಆ ಸಾಲುಗಳನ್ನು ಇಟ್ಟಿರುವುದೇ ಎಲಾಸ್ಟಿಕ್ ಹಿಗ್ಗಿದಂತೆ ಒಳಕ್ಕೆ ಬರಲು. ಮೊದಲ ದಿನವೇ ಒಳಗಿನ ಹುಕ್ಕಿಗೆ ಹೋದರೆ ಆಮೇಲೆ ಎಲ್ಲಿಗೆ ಹೋಗುತ್ತೀರಿ? ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮುಷ್ಟಿಯಲ್ಲ. ಹಾಕಿದ ಮೇಲೆ ಸ್ವಲ್ಪ ಬಾಗಿ, ಕಂಕುಳ ಕಡೆ ಸರಿದದ್ದನ್ನೆಲ್ಲ ಕೈಯಲ್ಲಿ ಮುಂದಕ್ಕೆ ತಂದು ಕಪ್ಪಿನೊಳಗೆ ಕೂರಿಸಬೇಕು. ಇಷ್ಟು ಮಾಡಿದ ಮೇಲೆಯೇ ಕಪ್ಪು ಚಿಕ್ಕದಾಯಿತೋ ದೊಡ್ಡದಾಯಿತೋ ತಿಳಿಯುವುದು. ಅಂಚಿನಿಂದ ಉಕ್ಕಿ ಬಂದರೆ ಚಿಕ್ಕದು, ಕಪ್ಪು ಸುಕ್ಕುಗಟ್ಟಿದರೆ ದೊಡ್ಡದು. ವೈರ್ ಇರುವುದಾದರೆ ಅದು ಮಾಂಸದ ಮೇಲಲ್ಲ, ಸುತ್ತ ಕೂರಬೇಕು. ವೈರ್ ಹಾಕಿದರೆ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸ್ಯಾಪ್ ಸಂದೇಶಕ್ಕೆ ಆಧಾರವಿಲ್ಲ. ಅಳತೆ ತಪ್ಪಿದ ವೈರ್ ಚುಚ್ಚುವುದಂತೂ ನಿಜ. ಇಷ್ಟೆಲ್ಲ ಆದ ಮೇಲೆ ಅಟ್ಟದಿಂದ ಡಬ್ಬ ಇಳಿಸುವವರ ಹಾಗೆ ಎರಡೂ ಕೈ ಎತ್ತಿ ನೋಡಿ. ಪಟ್ಟಿಯೂ ಕೈ ಜೊತೆ ಮೇಲೆ ಬಂದರೆ ಅದು ನಿಮ್ಮದಲ್ಲ.

ರವಿಕೆಯ ಅರ್ಧ ತಕರಾರಿಗೂ ಮೂಲ ಇದೇ. ಹಳೆಯ ಸಡಿಲ ಬ್ರಾ ಹಾಕಿಕೊಂಡು ಅಳತೆ ಕೊಡುತ್ತೇವೆ. ಮದುವೆ ದಿನ ಹೊಸ ಪ್ಯಾಡೆಡ್ ಬ್ರಾ ಮೇಲೆ ಅದನ್ನು ತೊಡುತ್ತೇವೆ. ಟಕ್ಸ್ ಒಂದು ಕಡೆ, ಎದೆ ಇನ್ನೊಂದು ಕಡೆ. ಬೈಗುಳ ಟೈಲರಿಗೆ. ತಿಳಿದ ಟೈಲರುಗಳು “ಫಂಕ್ಷನ್‌ಗೆ ಯಾವುದು ಹಾಕ್ತೀರೋ ಅದನ್ನೇ ಹಾಕ್ಕೊಂಡು ಬನ್ನಿ ಮೇಡಂ” ಅಂತಾರೆ. ಹೇಳಲು ಅವರಿಗೂ ಸಂಕೋಚ, ಕೇಳಿಸಿಕೊಳ್ಳಲು ನಮಗೂ.

ಆ ಸಂಕೋಚಕ್ಕೆ ಈಗ ಫೋನು ಒಂದು ದಾರಿ ಮಾಡಿದೆ. 2011ರಲ್ಲಿ ರಿಚಾ ಕರ್ ಬೆಂಗಳೂರಿನಲ್ಲೇ ಜಿವಾಮೆ ಎಂಬ ಕಂಪನಿ ಶುರು ಮಾಡಿ ಒಳಉಡುಪನ್ನು ಆನ್‌ಲೈನಿಗೆ ತಂದರು. ಅದು ಬಂದ ಮೇಲೆ ಅಳತೆಯ ಚಾರ್ಟು, ಸಿ, ಡಿ, ಇ ಎಂಬ ಅಕ್ಷರಗಳೆಲ್ಲ ನಮ್ಮ ಹುಡುಗಿಯರ ಕೈಗೆ ಬಂದವು. ಕೂಗುವ ಹುಡುಗನೂ ಇಲ್ಲ, ಕಪ್ಪು ಕವರೂ ಇಲ್ಲ.

ಒಗೆದು ಒಣಗಿಸುವಾಗ ಮಾತ್ರ ನಾವು ಇನ್ನೂ ಅಜ್ಜಿಯರ ಕಾಲದಲ್ಲೇ ಇದ್ದೇವೆ. ತಂತಿಯ ಮೇಲೆ ಮೊದಲು ಬ್ರಾ, ಅದರ ಮೇಲೆ ಲಂಗವೋ ಟವೆಲ್ಲೋ. ತಮಾಷೆ ಏನೆಂದರೆ ಚುರುಗುಟ್ಟುವ ಬಿಸಿಲು ಎಲಾಸ್ಟಿಕ್ಕಿಗೆ ಆಗುವುದಿಲ್ಲ. ನಮ್ಮ ನಾಚಿಕೆ ಬೇಸಿಗೆಯಲ್ಲಿ ಅದರ ಆಯುಷ್ಯ ಹೆಚ್ಚಿಸಿದೆ. ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಲಂಗದ ಕೆಳಗೆ ಮುಗ್ಗಲು ಹಿಡಿಯುವ ಬ್ರಾದ ಕಥೆ ಬೇರೆ. ಬಿಸಿನೀರು, ಡ್ರೈಯರ್ ಎರಡೂ ಬೇಡ. ಒಂದನ್ನೇ ದಿನಾ ಹಾಕುವುದೂ ಬೇಡ. ಎಲಾಸ್ಟಿಕ್ ಮತ್ತೆ ತನ್ನ ಅಳತೆಗೆ ಬರಲು ಸ್ವಲ್ಪ ಬಿಡುವು ಬೇಕು.

ಹೀಗೆಲ್ಲ ನಾನು ಅತ್ತಿಗೆಗೆ ಪಾಠ ಒಪ್ಪಿಸುತ್ತಿದ್ದಾಗ ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. “ಅದೆಲ್ಲ ಇರ್ಲಿ ಕಣೇ. ನಂಗೆ ಕೈ ಹಿಂದಕ್ಕೇ ಹೋಗಲ್ಲ. ಹುಕ್ಕು ಮುಂದಕ್ಕಿರೋದು ಸಿಗತ್ತಾ?” ಅಂದರು. ಸಿಗುತ್ತದೆ, ಆದರೆ ಮುಂದೆ ಹುಕ್ಕಿರುವ ಬ್ರಾಗೆ ಬಹುತೇಕ ಒಂದೇ ಸಾಲು, ಆಮೇಲೆ ಬಿಗಿ ಮಾಡಲು ಬರುವುದಿಲ್ಲ, ಅದಕ್ಕೆ ಮೊದಲೇ ಅಳತೆ ಸರಿಯಾಗಿ ಬೇಕು ಅಂದೆ. ಸೆರಗಿಗೆ ಕೈ ಒರೆಸಿಕೊಂಡು ಎದ್ದರು. “ಹಾಗಿದ್ರೆ ಬಾಗಿಲು ಹಾಕು, ಟೇಪು ತಗೋ.” ಅಳೆದು ಮುಗಿದ ಮೇಲೆ ಬೆಲೆ ಕೇಳಿದರು. ಹೇಳಿದೆ. ಸ್ವಲ್ಪ ಯೋಚನೆ ಮಾಡಿದರು.

“ಮೂರು ತಗೊಂಡು ಬಾ. ನಿಮ್ಮ ದೊಡ್ಡಪ್ಪನ ಹತ್ರ ಮಾತ್ರ ರೇಟು ಹೇಳ್ಬೇಡ.”