ಸಿಬಿಲ್ ಸ್ಕೋರ್ ಒಂದನ್ನೇ ನೋಡಿದರೆ ಆಗದು

ಬಾಡಿಗೆಗೆ ಬರುವವರ ಸಿಬಿಲ್ ಸ್ಕೋರ್ (ಸಾಲ ಹೇಗೆ ತೀರಿಸಿದ್ದಾರೆ ಎಂದು ನೋಡಿ ಕೊಡುವ ಅಂಕ) 750ಕ್ಕಿಂತ ಕಡಿಮೆ ಇದ್ದರೆ ಮನೆ ಕೊಡಲೇಬೇಡಿ ಎಂದು ಬರೆದಿದ್ದೀರಿ. ಇದು ಸ್ವಲ್ಪ ಜಾಸ್ತಿಯಾಯಿತು. ಮಂಗಳೂರಿನ ಕದ್ರಿಯಲ್ಲಿ ನಮ್ಮದೂ ಒಂದು ಮನೆ ಬಾಡಿಗೆಗಿದೆ, ಹಾಗಾಗಿ ಹೇಳುತ್ತಿದ್ದೇನೆ.

ಸ್ಕೋರ್ 300ರಿಂದ 900ರವರೆಗೆ ಇರುತ್ತದೆ, ಸರಿ. ಆದರೆ ಅದು ಹೇಳುವುದು ಸಾಲ, ಕ್ರೆಡಿಟ್ ಕಾರ್ಡಿನ ಕಥೆ. ವರ್ಷಗಟ್ಟಲೆ ತಪ್ಪದೆ ಬಾಡಿಗೆ ಕೊಟ್ಟಿದ್ದು ಸಾಮಾನ್ಯವಾಗಿ ಅದರಲ್ಲಿ ಕಾಣುವುದೇ ಇಲ್ಲ. ಗೆಳೆಯನ ಸಾಲಕ್ಕೆ ಜಾಮೀನು ನಿಂತು, ಅವನು ಕೈಕೊಟ್ಟರೆ ಜಾಮೀನು ನಿಂತವರ ಕ್ರೆಡಿಟ್ ರಿಪೋರ್ಟೂ (ಸ್ಕೋರಿನ ಹಿಂದಿರುವ ಸಾಲದ ವಿವರ) ಕೆಡುತ್ತದೆ. ಗಲ್ಫಿನ ಕೆಲಸ ಹೋಗಿ ಊರಿಗೆ ಬಂದವರು ನಮ್ಮ ಕಡೆ ಕಮ್ಮಿಯಾ? ಎರಡು ಕಂತು ತಪ್ಪಿದ ಮಾತ್ರಕ್ಕೆ ಅವರು ಮೋಸಗಾರರಲ್ಲ.

ನೋಡಲೇಬೇಕಿದ್ದರೆ ಪೂರ್ತಿ ರಿಪೋರ್ಟ್ ನೋಡಿ. ಅದನ್ನು ಅವರೇ ತೆಗೆದು ಕೊಡಲಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ. ಬ್ರೋಕರ್ ಕೈಗೆ ಅವರ ಪ್ಯಾನ್ ನಂಬರ್ ಕೊಟ್ಟು ಗುಟ್ಟಾಗಿ ತೆಗೆಸುವ ಕೆಲಸ ಮಾತ್ರ ಬೇಡ. ಕಂತು ತಪ್ಪಿದ್ದು ಯಾವಾಗ? ಹಳೇದಾ, ಈಗಲೂ ಬಾಕಿ ಇದೆಯಾ? 'ಸೆಟಲ್ಡ್' ಅಂತಿದ್ದರೆ ಬ್ಯಾಂಕಿಗೆ ಪೂರ್ತಿ ಹಣ ಬಂದಿಲ್ಲ ಎಂದರ್ಥ, ಅದನ್ನು ಕೇಳಿ. ರಿಪೋರ್ಟೇ ತಪ್ಪಿದ್ದರೂ ಇರಬಹುದು. ದೂರು ಕೊಟ್ಟರೆ 30 ದಿನದೊಳಗೆ ಇತ್ಯರ್ಥ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ನನಗೆ ಮುಖ್ಯ ಹಿಂದಿನ ಮನೆ ಓನರ್ ಮಾತು. ಒಂದು ಫೋನ್ ಸಾಕು. (ಸಾಗಹಾಕಲೆಂದೇ ಹೊಗಳುವ ಓನರುಗಳೂ ಇದ್ದಾರೆ, ಅದು ಬೇರೆ ವಿಷಯ.) ಆಮೇಲೆ ಸಂಬಳ ಬೀಳುವ ಖಾತೆಯ ಸ್ಟೇಟ್‌ಮೆಂಟ್. ಆದರೂ ಸಂಶಯವಿದ್ದರೆ ಒಂದು ತಿಂಗಳ ಅಡ್ವಾನ್ಸ್ ಜಾಸ್ತಿ ಕೇಳಿ, 11 ತಿಂಗಳ ಅಗ್ರಿಮೆಂಟಿನಲ್ಲಿ ಅದನ್ನು ಬರೆಸಿಬಿಡಿ.